ಚಳಿಗಾಲದಲ್ಲಿ ಮರುಭೂಮಿಗೆ ಹೋದರೆ ಮೋಟರ್‌ಹೋಮ್ ಒಳ್ಳೆಯದಾ, ಟೆಂಟ್ ಒಳ್ಳೆಯದಾ?

ವಿಜಯಪುರದಿಂದ ಮನೆಮಂದಿಯೆಲ್ಲ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೀರಿ ಅಂದಿದ್ದೀರಿ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಮೋಟರ್‌ಹೋಮ್ (ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ) ತಗೊಳ್ಳಿ. ಗಟ್ಟಿಮುಟ್ಟಾದ ಇಬ್ಬರು ಮೂವರೇ ಆದರೆ ಟೆಂಟ್ ಸಾಕು.

ಕಾರಣ ರಾತ್ರಿಯ ಚಳಿ. ಅಲ್ಲಿ ಹಗಲು 25 ಡಿಗ್ರಿ ಆಸುಪಾಸು ಇದ್ದರೂ ಬೆಳಗಿನ ಜಾವ 10ಕ್ಕಿಂತ ಕೆಳಗೆ ಇಳಿಯುವುದುಂಟು. ನಮ್ಮ ಎರೆಮಣ್ಣು ಹಸಿ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನಿಧಾನಕ್ಕೆ ತಣ್ಣಗಾಗುತ್ತದೆ. ಒಣ ಮರಳು ಹಾಗಲ್ಲ. ಹೊತ್ತು ಮುಳುಗಿದ್ದೇ ತಡ, ಮೇಲ್ಪದರದ ಬಿಸಿಯೆಲ್ಲ ಮೋಡವಿಲ್ಲದ ಆಕಾಶಕ್ಕೆ ಹೋಗಿಬಿಡುತ್ತದೆ. ಆಮೇಲೆ ಆ ತಣ್ಣನೆ ಮರಳು ಟೆಂಟಿನಲ್ಲಿ ಮಲಗಿದವರ ಬೆನ್ನಿನ ಬಿಸಿಯನ್ನು ರಾತ್ರಿಯಿಡೀ ಎಳೆಯುತ್ತದೆ.

ಗಾಡಿಯಲ್ಲಿ ಹಾಸಿಗೆ ನೆಲದಿಂದ ಮೇಲಿರುತ್ತದೆ, ಗಾಳಿಯೂ ಬಡಿಯುವುದಿಲ್ಲ. ಆದರೆ ಅದು ಭಾರ. ಮರಳಿಗೆ ಇಳಿಸಿದರೆ ಗಾಲಿ ಹೂತುಹೋಗುತ್ತವೆ, ಡಾಂಬರು ರಸ್ತೆ ಬಿಡಬೇಡಿ. ದಿಬ್ಬದ ನಡುವೆ ನಕ್ಷತ್ರ ನೋಡುತ್ತಾ ಮಲಗುವ ಸುಖ ಟೆಂಟಿನವರಿಗೇ ಸಿಗುವುದು. ನನಗಂತೂ ಅದೇ ಇಷ್ಟ.

ಟೆಂಟ್ ಅಂತಾದರೆ ಮೈಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ. ಮೊದಲು ದಪ್ಪ ಫೋಮ್ ಚಾಪೆ, ಅದರ ಮೇಲೆ ಮನೆಯ ಕೌದಿ ಮಡಚಿ ಹಾಸಿ. ಸುಮ್ನೆ ಎರಡೆರಡು ಕಂಬಳಿ ಹೊದ್ದರೆ ಬೆನ್ನು ಬೆಚ್ಚಗಾಗಲ್ಲ. ಗೂಟ ಮರಳಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಿ. ಚಳಿ ಎಷ್ಟೇ ಇದ್ದರೂ ಇದ್ದಿಲು ಕೆಂಡವನ್ನು ಟೆಂಟಿನ ಒಳಗಾಗಲಿ ಗಾಡಿಯ ಒಳಗಾಗಲಿ ಇಡಲೇಬೇಡಿ. ಅದರಿಂದ ಬರುವ ವಿಷಗಾಳಿಗೆ ವಾಸನೆ ಇರುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.