ನಿಮ್ಮ ಪ್ರೇಮಚಂದರ ಮನೆಯಲ್ಲಿ ಹತ್ತಿಯೇ ಇಲ್ಲ

ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಬೊಂಬಾಯಿಯ ಹತ್ತಿ, ಶೇರು ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ಮತ್ತು ಅವರ ಮನೆತನದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ತುಂಬಾ ಒಳ್ಳೆಯದು. ಆದರೆ ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟ ಪೂರ್ತಿ ಬೊಂಬಾಯಿಯ ಬೈಕುಲ್ಲಾದಲ್ಲಿದ್ದ ಅವರ ಬಂಗಲೆಗೇ ಹೋಗಿದೆ. ತೂಗುದೀಪ, ಸಾರೋಟು, ಔತಣ. ಇವು ಯಾವ ಸಾಹುಕಾರರ ಮನೆಗಾದರೂ ಒಪ್ಪುತ್ತವೆ, ಅಲ್ವಾ? ಅವರು ಸಾಹುಕಾರರಾದದ್ದು ಹೇಗೆ ಅನ್ನುವುದಕ್ಕೆ ಮಾತ್ರ ಒಂದೇ ಸಾಲು: "ಶೇರು ವ್ಯವಹಾರದಿಂದ ಅಪಾರ ಸಂಪತ್ತು ಗಳಿಸಿದರು." ಓದುಗರಿಗೆ ಬೇಕಾದದ್ದು ಅಲ್ಲೇ ಇದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಬೊಂಬಾಯಿ ಹತ್ತಿಗೆ ಬಂಗಾರದ ಬೆಲೆ ಬಂತು. ಆ ದುಡ್ಡೆಲ್ಲ ಹೊಸ ಬ್ಯಾಂಕು, ಹೊಸ ಕಂಪನಿಗಳ ಶೇರಿಗೆ ಹರಿಯಿತು. ಸಮುದ್ರ ತುಂಬಿ ನೆಲ ಮಾಡುತ್ತೇವೆಂದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು 50,000ದವರೆಗೆ ಹೋಯಿತು. ಆ ಒಂದು ಶೇರನ್ನು ಕೈಯಲ್ಲಿ ಹಿಡಿದು ನಡೆಯಿರಿ. ಯಾರು ಕೊಂಡರು, ಯಾರಿಗೆ ಮಾರಿದರು, ದುಡ್ಡು ಕೊಡುವ ವಾಯಿದೆ ಯಾವತ್ತು? ಬಹಳಷ್ಟು ವಾಯಿದೆ 1865ರ ಜುಲೈ 1ಕ್ಕೆ ಇತ್ತು. ಅಷ್ಟರಲ್ಲಿ ಯುದ್ಧ ಮುಗಿದು ಹತ್ತಿ ಬೆಲೆ ಬಿದ್ದಿತ್ತು. ಕೈಯಲ್ಲಿ ಕಾಗದ ಇತ್ತು, ಕೊಳ್ಳುವವರು ಇರಲಿಲ್ಲ.

ಇದನ್ನು ನೀವು ವಿಧಿಯಾಟ ಅಂದಿದ್ದೀರಿ. ನಾನು ಒಪ್ಪಲಾರೆ. ಬ್ಯಾಂಕ್ ಆಫ್ ಬಾಂಬೆ ಪ್ರೇಮಚಂದರ ಮಾತಿನ ಮೇಲೆ, ಶೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತ್ತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು. ಅವರ ದಾನದ ಪಟ್ಟಿ ಕೊಟ್ಟು ಇದನ್ನು ಬಿಟ್ಟರೆ ಮನುಷ್ಯ ಅರ್ಧವೇ ಕಾಣುತ್ತಾರೆ. ಅವರ ಬಗ್ಗೆ ನಿಮಗಿರುವ ಪ್ರೀತಿ ಹಾಗೇ ಇರಲಿ, ತಪ್ಪನ್ನೂ ಬರೆಯಿರಿ.

ಇನ್ನು ಅವರ ತಾಯಿ. ರಾಜಾಬಾಯಿ ನಿಮ್ಮ ಲೇಖನದಲ್ಲಿ ಬರುವುದು ಕೊನೇ ಪುಟದಲ್ಲಿ, ಬೊಂಬಾಯಿ ವಿಶ್ವವಿದ್ಯಾಲಯದ ಗಡಿಯಾರ ಗೋಪುರದ ಹೆಸರಾಗಿ ಮಾತ್ರ. ಜೈನರಾದ ಆಕೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು, ಕಣ್ಣು ಕಾಣದ ಅವರಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲಿ ಅಂತ ಮಗ ಗೋಪುರ ಕಟ್ಟಿಸಿದ ಎಂಬ ಮಾತಿದೆ. ಜನ ಹೇಳುವ ಕಥೆ ಅಂತಲೇ ಬರೆಯಿರಿ, ಆದರೆ ಬರೆಯಿರಿ. ಆ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟದ್ದು 1864ರಲ್ಲಿ, ಕೈ ತುಂಬಾ ದುಡ್ಡಿದ್ದಾಗ. ಗೋಪುರ ಮುಗಿದದ್ದು 1878ರಲ್ಲಿ. ನಡುವೆ ಎಲ್ಲ ಕುಸಿದಿತ್ತು. ನೀವು 1865ಕ್ಕೇ ನಿಲ್ಲಿಸಿದ್ದೀರಿ, ಅವರು ಆಮೇಲೂ 41 ವರ್ಷ ಬದುಕಿದರು. ಆ ಮನೆಯವರು ಸೋಲಿನ ಜೊತೆ ಹೇಗೆ ಬಾಳಿದರು ಅಂತ ಓದಲು ನನಗೆ ತುಂಬಾ ಆಸೆ.

ಕೊನೆಗೆ ನಿಮ್ಮ ಪತ್ರದ ಮಾತು. ನಿಮ್ಮ ಮುತ್ತಜ್ಜ ಗದಗದಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದರು ಅಂತ ಸುಮ್ನೆ ಒಂದು ಸಾಲು ಬರೆದಿದ್ದೀರಿ. ಅದನ್ನು ಓದಿ ನಾನು ಎದ್ದು ಕೂತೆ! ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ ಕುಮಟಾ ಅಂತಲೇ ಹೆಸರಿತ್ತು. ಬಂಗಲೆ ಬಿಡಿ, ಹತ್ತಿ ಅಂಡಿಗೆಯಿಂದ ಶುರು ಮಾಡಿ. ಮನೆಯ ಅಟ್ಟದಲ್ಲಿ ಹಳೇ ಲೆಕ್ಕದ ಪುಸ್ತಕ ಏನಾದರೂ ಉಳಿದಿದೆಯಾ ನೋಡಿ. ಮೊದಲ ಎರಡು ಪುಟ ಹೊಸದಾಗಿ ಬರೆದು ಕಳಿಸಿ, ಬಂದ ದಿನವೇ ಓದುತ್ತೇನೆ.