ಕಿಟಕಿಯ ಚಳಿಗೆ ಯಾವ ಬ್ಲೈಂಡ್?

ಪ್ರಶ್ನೆ: ಮಡಿಕೇರಿಯ ನಮ್ಮ ಮನೆಯಲ್ಲಿ ಅಮ್ಮ ಮಲಗುವ ಕೋಣೆಗೆ ದೊಡ್ಡ ಗಾಜಿನ ಕಿಟಕಿ ಇದೆ. ಮಳೆಗಾಲದ ಚಳಿ ಅವರಿಗೆ ತಡೆಯಲಾಗುತ್ತಿಲ್ಲ. ಜೇನುಗೂಡಿನಂತೆ ಸಾಲು ಸಾಲು ಗೂಡುಗಳಿರುವ ಬಟ್ಟೆಯ ಬ್ಲೈಂಡ್ (ಮಡಿಚಿ ಮೇಲೆತ್ತುವ ಕಿಟಕಿ ಪರದೆ) ಹಾಕಿಸಬಹುದೇ? ಬೂಷ್ಟು ಹಿಡಿಯುವುದಿಲ್ಲವೇ?

ಉತ್ತರ: ಖಂಡಿತ ಹಾಕಿಸಿ. ಆ ಗೂಡುಗಳೊಳಗೆ ಅಲುಗದೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ. ಆದರೆ ಅಂಚಿನಲ್ಲಿ ಬೆರಳಗಲ ಸಂದಿ ಉಳಿದರೂ ಗಾಜಿಗೆ ತಾಗಿ ತಣ್ಣಗಾದ ಗಾಳಿ ಅಲ್ಲಿಂದ ಕೋಣೆಗಿಳಿಯುತ್ತದೆ. ಆದ್ದರಿಂದ ಚೌಕಟ್ಟಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಕಡಿಮೆ ಬಂದ ಅಳತೆಯನ್ನೇ ಕೊಡಿ. ಹಳೆಯ ಮರದ ಚೌಕಟ್ಟುಗಳು ನೇರವಾಗಿರುವುದು ಅಪರೂಪ. ಬಟ್ಟೆ ಪಾಲಿಯೆಸ್ಟರ್ ಇರಲಿ. ನಮ್ಮ ಕೊಡಗಿನ ತೇವಕ್ಕೆ ಹತ್ತಿ ಬೇಡ.

ಬೂಷ್ಟಿನ ಭಯ ನಿಜವೇ. ಒಂದು ವರ್ಷ ಜುಲೈ ಪೂರ್ತಿ ನಾನು ಬ್ಲೈಂಡ್ ಇಳಿಸಿಯೇ ಇಟ್ಟಿದ್ದೆ. ಎತ್ತಿ ನೋಡಿದರೆ ಗಾಜಿನ ಮೇಲೆ ನೀರಿಳಿದ ಗೆರೆಗಳು, ಕೆಳಪಟ್ಟಿಯ ಹಿಂದೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ಈಗ ಬೆಳಿಗ್ಗೆ ಕಾಫಿಗೆ ನೀರಿಟ್ಟ ಕೂಡಲೇ ಬ್ಲೈಂಡ್ ಎತ್ತಿ, ಹಳೆಯ ಪಂಚೆಯ ತುಂಡಿನಿಂದ ಗಾಜು ಒರೆಸುತ್ತೇನೆ. ಚುಕ್ಕೆ ಮತ್ತೆ ಬಂದಿಲ್ಲ. ಧೂಳಿಗೆ ಮೆದು ಬ್ರಷ್ ಸಾಕು. ಬಟ್ಟೆ ಒದ್ದೆಯಾದರೆ ಪೂರ್ತಿ ಒಣಗುವವರೆಗೆ ಮಡಿಚಿ ಮೇಲೆತ್ತಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಜೋಲುವ ದಾರವಿಲ್ಲದ್ದನ್ನೇ ಕೇಳಿ ತರಿಸಿ.