ಹಲ್ಲಿನ ಕ್ಲಿಪ್‌ಗೆ ರಾತ್ರಿ ಎರಡೆರಡು ರಬ್ಬರ್ ಹಾಕಿದರೆ ಹಗಲು ಬಿಟ್ಟಿದ್ದಕ್ಕೆ ಸರಿಹೋಗುತ್ತಾ?

ಹೋಗಲ್ಲ. ನಾನು ಮಾಡಿ ಅನುಭವಿಸಿದೀನಿ.

ಹಲ್ಲಿಗೆ ಕ್ಲಿಪ್ ಹಾಕಿಸಿ ವರ್ಷವಾಯ್ತು, ಈಗ ರಬ್ಬರ್ ಕೊಟ್ಟಿದ್ದಾರೆ, ಕಾಲೇಜಲ್ಲಿ ಹಾಕ್ಕೊಳ್ಳೋಕೆ ಮುಜುಗರ, ರಾತ್ರಿ ಡಬಲ್ ಹಾಕಲಾ, ಯಾವ ಕಂಪನಿದು ಒಳ್ಳೇದು ಅಂತ ಕೇಳಿದ್ದೀರಿ. ದುರ್ಗದಿಂದ ದಾವಣಗೆರೆಗೆ ತಿಂಗಳಿಗೊಂದು ಸಲ ಬರ್ತೀರಂತೆ. ನಾನು ಇದೇ ಊರಲ್ಲಿದ್ದೂ ಹಾಳು ಮಾಡಿಕೊಂಡೆ.

ನಮ್ಮದು ಮಂಡಿಪೇಟೆಯಲ್ಲಿ ಅಂಗಡಿ. ಅಪ್ಪ ಊಟಕ್ಕೆ ಹೋದರೆ ಗಲ್ಲಾದಲ್ಲಿ ನಾನು. ಮೇಲಿನ ಹಲ್ಲು ಮುಂದೆ ಬಂದಿದ್ದವು ಅಂತ ಇಲ್ಲಿರೋ ಎರಡು ಡೆಂಟಲ್ ಕಾಲೇಜುಗಳಲ್ಲಿ ಒಂದಕ್ಕೆ ಹೋಗಿದ್ದೆ. ನೋಡುತ್ತಿದ್ದವರು ಅಲ್ಲೇ ಪಿಜಿ ಓದುತ್ತಿದ್ದ ಒಬ್ಬ ಡಾಕ್ಟರ್ ಮೇಡಂ. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆ ಹಲ್ಲಿನ ಕೊಕ್ಕೆಗೆ ರಬ್ಬರ್, ಎರಡೂ ಕಡೆ ಒಂದೊಂದು. ರಬ್ಬರಿನ ಒಳಗಿನ ಅಗಲ ಕಾಲಿಂಚು, ಎಳೆಯೋ ಬಲ ಮೂರೂವರೆ ಔನ್ಸ್. ಊಟಕ್ಕೆ, ಹಲ್ಲುಜ್ಜೋಕೆ ಮಾತ್ರ ಬಿಚ್ಚಬೇಕು, ದಿನಾ ಹೊಸದು ಹಾಕಬೇಕು ಅಂದಿದ್ದರು.

ಮೊದಲನೇ ದಿನವೇ ಹರಿಹರದ ಕಡೆಯ ಒಬ್ಬ ಹಳೇ ಗಿರಾಕಿ ನನ್ನ ಬಾಯಿ ನೋಡಿ, "ಏನ್ ತಮ್ಮಾ, ಬಾಯಾಗೆ ದಾರ ಕಟ್ಕಂಡಿಯಲ್ಲ?" ಅಂದರು. ಅಂಗಡಿ ತುಂಬಾ ನಗು. ಅವತ್ತು ಬಿಚ್ಚಿದ್ದು ಮೂರು ವಾರ ಮುಟ್ಟಲಿಲ್ಲ. ಅಪಾಯಿಂಟ್‌ಮೆಂಟ್‌ಗೆ ಏಳು ದಿನ ಇದೆ ಅನ್ನುವಾಗ ಹೆದರಿಕೆ ಶುರುವಾಯ್ತು. ಆರು ತಿಂಗಳಲ್ಲಿ ಅಕ್ಕನ ಮದುವೆ, ಅಷ್ಟರೊಳಗೆ ಕ್ಲಿಪ್ ಬಿಚ್ಚಿಸಬೇಕು. ವ್ಯಾಪಾರಸ್ಥರ ಮನೆ ಹುಡುಗ ತಾನೇ, ಲೆಕ್ಕ ಹಾಕಿದೆ: ಒಂದರ ಜಾಗಕ್ಕೆ ಎರಡು, ವೇಗವೂ ಎರಡು ಪಟ್ಟು. ಏಳು ರಾತ್ರಿ, ಒಂದೊಂದು ಕಡೆಗೆ ಎರಡೆರಡು.

ಮೂರನೇ ಬೆಳಿಗ್ಗೆ ಬೆಣ್ಣೆದೋಸೆ ಕಚ್ಚೋಕೂ ಆಗಲಿಲ್ಲ. ಬೆಣ್ಣೆದೋಸೆಗಿಂತ ಮೆತ್ತಗಿನ ತಿಂಡಿ ಈ ಊರಲ್ಲಿ ಇನ್ನೇನಿದೆ? ನೋಯ್ತಿದೆ ಅಂದರೆ ಕೆಲಸ ಆಗ್ತಿದೆ ಅಂದುಕೊಂಡು ಖುಷಿಪಟ್ಟೆ.

ಮೇಡಂ ಬೆರಳಿಟ್ಟು ಬಲಗಡೆ ಕೋರೆಹಲ್ಲು ಅಲ್ಲಾಡಿಸಿದರು, ಅದು ಅಲ್ಲಾಡಿತು. ನನ್ನ ಪ್ಯಾಕೆಟ್ ಕೇಳಿ ಟ್ರೇ ಮೇಲೆ ಸುರಿದು ಎಣಿಸಿದರು. ನೂರರ ಪ್ಯಾಕೆಟ್, ಇಪ್ಪತ್ತೆಂಟು ದಿನಕ್ಕೆ ಐವತ್ತಾರು ಖರ್ಚಾಗಿ ನಲವತ್ತನಾಲ್ಕು ಉಳಿಯಬೇಕು. ಎಪ್ಪತ್ತಿದ್ದವು. "ಎರಡೆರಡು ಹಾಕಿದ್ರಾ?" ಅಂದರು. ಪೆನ್ನಿನ ಥರದ ಒಂದು ಗೇಜ್ ತಂದು ರಬ್ಬರಿಗೆ ಸಿಕ್ಕಿಸಿ ಎಳೆದು ತೋರಿಸಿದರು: ಒಂದಕ್ಕೆ ಹತ್ತಿರ ಹತ್ತಿರ ನೂರು ಗ್ರಾಂ, ಎರಡಕ್ಕೆ ಇನ್ನೂರು. ಒಳಗಿನ ಅಗಲದ ಮೂರು ಪಟ್ಟು ಎಳೆದಾಗ ಬರೋ ಬಲವನ್ನೇ ಪ್ಯಾಕೆಟ್ ಮೇಲೆ ಔನ್ಸ್ ಅಂತ ಬರೆದಿರೋದಂತೆ.

ನನ್ನ ಲೆಕ್ಕ ತಪ್ಪಿದ್ದು ಇಲ್ಲಿ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಒಂದು ತೆಳು ಪದರ ಇದೆ. ಹದವಾಗಿ, ಬಿಡದೆ ಎಳೆದರೆ ಒತ್ತಿದ ಕಡೆ ಎಲುಬು ಕರಗುತ್ತೆ, ಬಿಟ್ಟುಬಂದ ಕಡೆ ಹೊಸ ಎಲುಬು ಕೂಡುತ್ತೆ, ಹಲ್ಲು ಸರಿಯುತ್ತೆ. ಜಾಸ್ತಿ ಎಳೆದರೆ ಆ ಪದರದ ರಕ್ತನಾಳಗಳೇ ಅಪ್ಪಚ್ಚಿ. ಅಲ್ಲಿನ ಜೀವಕೋಶ ಸತ್ತು, ದೇಹ ಅದನ್ನು ಕೆರೆದು ತೆಗೆಯೋವರೆಗೆ ವಾರಗಟ್ಟಲೆ ಹಲ್ಲು ನಿಂತಲ್ಲೇ ನಿಲ್ಲುತ್ತೆ. ವೇಗ ಮಾಡೋಕೆ ಹೋಗಿ ನಾನೇ ಬ್ರೇಕ್ ಹಾಕಿದ್ದೆ. ಎಳೆತ ಹೀಗೇ ಮುಂದುವರಿದರೆ ಬೇರಿನ ತುದಿಯೂ ಸವೆಯಬಹುದು. ನನ್ನ ಎಕ್ಸ್‌ರೇ ಚೆನ್ನಾಗಿತ್ತು, ಪುಣ್ಯ. ನಾಲ್ಕು ವಾರ ರಬ್ಬರೇ ಬೇಡ ಅಂದರು. ಒಟ್ಟು ಏಳು ತಿಂಗಳು ಹೆಚ್ಚಾಯ್ತು, ಅಕ್ಕನ ಮದುವೆ ಫೋಟೋದಲ್ಲೆಲ್ಲ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಅಷ್ಟರಲ್ಲಿ ಮೇಡಂ ಕೋರ್ಸ್ ಮುಗಿಸಿ ಹೋದರು. ಹೊಸಬರು ನನ್ನ ಫೈಲನ್ನು ಮೊದಲಿಂದ ಓದಬೇಕಾಯ್ತು.

ಕಂಪನಿ ಪ್ರಶ್ನೆ ಬಿಟ್ಟುಬಿಡಿ. ಡಾಕ್ಟ್ರು ಬರೆದ ಇಂಚು, ಔನ್ಸ್ ಎರಡೂ ಸರಿಯಿದ್ದರೆ ಸಾಕು. ಲೇಟೆಕ್ಸ್ ಅಲರ್ಜಿ ಇದ್ದರೆ ಮಾತ್ರ ಹೇಳಿ, ಬೇರೆ ಥರದ್ದು ಸಿಗುತ್ತೆ. ಮುಜುಗರದ ವಿಷಯಕ್ಕೆ ಬಂದರೆ, ಆ ಹರಿಹರದ ಯಜಮಾನರು ಮುಂದಿನ ಸಲ ಬಂದಾಗ ನನ್ನ ಬಾಯಿ ಕಡೆ ನೋಡಲೂ ಇಲ್ಲ, ಬಾಕಿ ಎಷ್ಟು ಅಂತ ಕೇಳಿ ಹೋದರು. ನಿಮ್ಮ ಕ್ಲಾಸಿನವರೂ ಅಷ್ಟೇ.

ಮೊಬೈಲ್ ಕವರ್ ಹಿಂದೆ ನಾಲ್ಕು ರಬ್ಬರ್ ಇಟ್ಟುಕೊಳ್ಳಿ. ಮಂಡಕ್ಕಿ ಮಿರ್ಚಿ ತಿಂದು ಕೈ ತೊಳೆಯೋಕೆ ಹೋದಾಗ ಅಲ್ಲೇ ಹೊಸ ಜೊತೆ ಹಾಕಿಕೊಂಡು ಬನ್ನಿ, ಟೇಬಲ್‌ಗೆ ಬಂದು ಹಾಕ್ತೀನಿ ಅಂದರೆ ಮರೆತೇ ಹೋಗುತ್ತೆ. ಮಂಡಕ್ಕಿಯ ಅರಿಶಿನಕ್ಕೆ ತಂತಿ ಹಿಡಿದಿರೋ ಬಿಳಿ ರಿಂಗ್ ಹಳದಿಯಾಗುತ್ತೆ, ಮುಂದಿನ ಸಲ ಬೂದು ಬಣ್ಣದ್ದು ಕೇಳಿ. ಕೊಕ್ಕೆ ಮುರಿದರೆ ರಬ್ಬರನ್ನ ಬರೀ ಹಲ್ಲಿಗೆ ಸುತ್ತಬೇಡಿ, ಒಸಡಿನೊಳಗೆ ಜಾರಿ ಬೇರಿನ ಕಡೆ ಇಳಿದು ಎಲುಬು ತಿನ್ನುತ್ತೆ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಫೋನ್ ಮಾಡಿ. ಡಬಲ್ ಹಾಕೋಕೆ ಆಗಲೇ ಶುರು ಮಾಡಿದ್ದರೆ ಅದನ್ನೂ ಫೋನಲ್ಲೇ ಹೇಳಿಬಿಡಿ, ಹೇಗೂ ಎಣಿಸ್ತಾರೆ.